ಹಂದಿಗೋಡು ಮತ್ತು ನಾಮಕರ್ಮ

ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ವಿಚಿತ್ರವಾದ ಕಾಯಿಲೆಯೊಂದು ಬೆಳಕಿಗೆ ಬಂದಿತು. ಸೊಂಟ, ಮೊಣಕಾಲುಗಳ ಕೀಲು ಕೆಟ್ಟು, ದುಡಿಯುವ ವಯಸ್ಸಿನವರೇ ನಡೆಯಲಾರದವರಾದರು. ಕೆಲವರು ಕುಳ್ಳರಾಗಿಯೇ ಉಳಿದರು. ಹೊಸನಗರ, ತೀರ್ಥಹಳ್ಳಿಗಳ ಕಡೆಯೂ ಇಂಥ ಮನೆಗಳಿದ್ದುವು. ಹೆಚ್ಚಿನವರು ಗದ್ದೆಗಳಲ್ಲಿ ದುಡಿಯುವ ಬಡ ದಲಿತರು. ಕೀಟನಾಶಕ ಬಿದ್ದ ಗದ್ದೆಯ ಏಡಿಯನ್ನು ತಿಂದದ್ದೇ ಕಾರಣವೆಂದು ಮೊದಲು ಶಂಕಿಸಲಾಗಿತ್ತು. ಅನಂತರದ ಸಂಶೋಧನೆ ಇದು ವಂಶವಾಹಿಯ ದೋಷವೆಂದು ತೋರಿಸಿತು. ತಾಯಿತಂದೆಯರಲ್ಲಿ ಒಬ್ಬರಿಗಿದ್ದರೂ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ.

ಅಂದು ‘ಮಾಂಸಾಹಾರದ ಫಲ’ ಎಂದ ನಾಲಗೆಗಳು ಇಂದು ‘ಅವರ ಪೂರ್ವಕರ್ಮ’ ಎನ್ನುತ್ತವೆ, ಅಲ್ಲಿಗೆ ಮಾತು ಮುಗಿಯಿತೆಂಬಂತೆ! ಶಾಸ್ತ್ರ ಅಲ್ಲಿಗೆ ನಿಲ್ಲುವುದಿಲ್ಲ. ಮೂಳೆಗಳ ಕಟ್ಟು ನಾಮಕರ್ಮದ ಕೆಲಸ. ಸಂಹನನವೆಂಬ ಅದರ ಭೇದವೇ ಅಸ್ಥಿಬಂಧಕ್ಕೆ ಸಂಬಂಧಿಸಿದ್ದು. ನೋವು ಅಸಾತಾವೇದನೀಯದ್ದು. ಎರಡೂ ಅಘಾತಿಕರ್ಮಗಳು, ಆತ್ಮಗುಣವನ್ನು ಕೆಡಿಸಲಾರವು. ಕೆಡಿಸುವುದು ಮೋಹನೀಯಾದಿ ನಾಲ್ಕು ಘಾತಿಕರ್ಮಗಳು. ನರಳುವವನನ್ನು ಕಂಡು ಮುಖ ತಿರುಗಿಸುವವನು ಅದನ್ನು ಯೋಚಿಸಬೇಕು. ಕಟ್ಟಿದ ಕರ್ಮವೂ ಬದಲಾಗಬಲ್ಲದೆಂದೇ ನೇಮಿಚಂದ್ರಾಚಾರ್ಯರು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಸಂಕ್ರಮಣ, ಅಪಕರ್ಷಣಗಳನ್ನು ವಿವರಿಸಿದ್ದಾರೆ. ಪುರುಷಾರ್ಥಕ್ಕೆ ಎಡೆಯಿರುವುದು ಅಲ್ಲಿಯೇ.

ಆ ಮನೆಗಳ ಯುವಕ ಯುವತಿಯರು ಮದುವೆಯಾಗಬೇಕೇ, ಮಕ್ಕಳನ್ನು ಪಡೆಯಬೇಕೇ ಎಂಬುದನ್ನು ಅವರೇ ನಿರ್ಧರಿಸಬೇಕು. ಹೊರಗಿನವರು ತಿಳಿವಳಿಕೆ ನೀಡಬಹುದು, ಅಪ್ಪಣೆ ಕೊಡಲಾಗದು. ರೋಗವನ್ನು ಬುಡದಿಂದ ಕೀಳುವ ಔಷಧವಿಲ್ಲ. ನೋವು ತಗ್ಗಿಸುವುದಷ್ಟೇ ಸಾಧ್ಯ. ಹೊಂಬುಜವಿರುವುದು ಇದೇ ಹೊಸನಗರ ತಾಲ್ಲೂಕಿನಲ್ಲಿ. ಚತುರ್ವಿಧದಾನಗಳಲ್ಲಿ ಔಷಧದಾನವೂ ಒಂದಲ್ಲವೇ? ನಮ್ಮ ಬಸದಿಗಳ ಟ್ರಸ್ಟುಗಳು ಉತ್ಸವದ ಖರ್ಚಿನಲ್ಲಿ ಒಂದು ಪಾಲನ್ನು ಆ ಮನೆಗಳ ಮಾತ್ರೆಗೆ, ಊರುಗೋಲಿಗೆ, ಆಸ್ಪತ್ರೆಗೆ ಹೋಗಿಬರುವ ಬಸ್ಸಿನ ಚಾರ್ಜಿಗೆ ತೆಗೆದಿಡಬಾರದೇಕೆ?