ಮನೀಸೆಸ್ಸಿನ ಹೊನ್ನಬಣ್ಣದ ತಟ್ಟೆಗಳು

ಸ್ಪೇನ್ ದೇಶದ ಪೂರ್ವ ಕರಾವಳಿಯ ವಲೆನ್ಸಿಯಾ ನಗರಕ್ಕೆ ವಿಮಾನದಲ್ಲಿ ಹೋಗುವವರು ಮೊದಲು ಕಾಲಿಡುವುದು ನಗರದಲ್ಲಲ್ಲ, ಪಕ್ಕದ ಮನೀಸೆಸ್ ಎಂಬ ಊರಿನ ಎಲ್ಲೆಯಲ್ಲಿ. ನಿಲ್ದಾಣವಿರುವುದು ಅಲ್ಲಿಯೇ. ಹೆಚ್ಚಿನವರು ಆ ಊರಿನ ಕಡೆ ತಿರುಗಿಯೂ ನೋಡದೆ ಮುಂದೆ ಸಾಗುತ್ತಾರೆ. ಆದರೆ ಹದಿನೈದನೆಯ ಶತಮಾನದಲ್ಲಿ ಯೂರೋಪಿನ ಅರಸರೂ ಸಾಹುಕಾರರೂ ತಮ್ಮ ಊಟದ ಮನೆಯ ಅಂದಕ್ಕಾಗಿ ಈ ಕುಂಬಾರರ ಊರಿಗೇ ಹೇಳಿಕಳುಹಿಸುತ್ತಿದ್ದರು.

ಇಲ್ಲಿ ತಯಾರಾಗುತ್ತಿದ್ದುದು ಮಣ್ಣಿನ ತಟ್ಟೆ, ಬೋಗುಣಿ, ಹೂಜಿಗಳೇ. ನೋಡಿದವರಿಗೆ ಮಾತ್ರ ಚಿನ್ನವೆಂಬ ಭ್ರಮೆ. ಚಿನ್ನ ಒಂದು ಗುಂಜಿಯೂ ಇಲ್ಲವೆಂಬುದೇ ಸೊಗಸು! ಒಮ್ಮೆ ಸುಟ್ಟ ಪಾತ್ರೆಗೆ ಸೀಸ, ತವರಗಳಿಂದಾದ ಬಿಳಿಯ ಮೆರುಗು ಕೊಟ್ಟು ಎರಡನೆಯ ಸಲ ಸುಡುತ್ತಿದ್ದರು. ಆಮೇಲೆ ಬೆಳ್ಳಿ, ತಾಮ್ರ, ಗಂಧಕಗಳನ್ನು ಕೆಂಪು ಕಾವಿಮಣ್ಣಿನೊಡನೆ ವಿನಿಗರಿನಲ್ಲಿ ಕಲಸಿ, ಅದರಿಂದ ಚಿತ್ರ ಬರೆದು, ಮೂರನೆಯ ಸಲ ಸಣ್ಣ ಉರಿಯಲ್ಲಿ ಹೊಗೆ ತುಂಬಿದ ಆವಿಗೆಯೊಳಗೆ ಇಡುತ್ತಿದ್ದರು. ಹೊಗೆಯು ಆಮ್ಲಜನಕವನ್ನು ಸೆಳೆದುಕೊಂಡಾಗ ಲೋಹದ ತೀರ ತೆಳುವಾದ ಪದರವೊಂದು ಮೆರುಗಿನಲ್ಲಿ ಉಳಿಯುತ್ತದೆ. ಹೊರತೆಗೆದಾಗ ಕಾಣುವುದು ಬರಿಯ ಮಸಿ. ಉಜ್ಜಿದರೆ ಹೊನ್ನಿನ ಹೊಳಪು. ಉರಿಯ ಹದ ತಪ್ಪಿದರೆ ಮೂರು ಸಲದ ಶ್ರಮವೂ ವ್ಯರ್ಥ.

ಒಂಬತ್ತನೆಯ ಶತಮಾನದ ಇರಾಕಿನಲ್ಲಿ ಬೆಳೆದ ಈ ವಿದ್ಯೆ ಈಜಿಪ್ಟನ್ನು ಕಂಡು, ಸ್ಪೇನಿನ ದಕ್ಷಿಣದಲ್ಲಿ ಮುಸಲ್ಮಾನ ದೊರೆಗಳ ಆಳ್ವಿಕೆಯಲ್ಲಿದ್ದ ಮಾಲಗ ಬಂದರಿಗೆ ಬಂದಿತು. ಹದಿನಾಲ್ಕನೆಯ ಶತಮಾನದಲ್ಲಿ ಕ್ರೈಸ್ತ ಒಡೆಯರ ಮನೀಸೆಸ್ಸಿಗೆ. ಕಸುಬುದಾರರು ಊರು ಬಿಟ್ಟಾಗ ಕಸುಬೂ ಅವರ ಗಂಟಿನಲ್ಲಿಯೇ ಹೋಗುತ್ತದೆ. ಪರಸ್ಥಳದಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಒಡೆಯರಾದ ಬುಯಿಲ್ ಮನೆತನದವರು ಗಿರಾಕಿಗಳನ್ನು ಹುಡುಕಿಕೊಟ್ಟು, ಮಾರಾಟದಲ್ಲಿ ಹತ್ತನೆಯ ಒಂದು ಪಾಲು ಪಡೆಯುತ್ತಿದ್ದರು.

1454ರಲ್ಲಿ ಅರಗಾನಿನ ರಾಣಿ ಮರಿಯಾ ಈ ಮನೆತನದ ಪೇದ್ರೊ ಬುಯಿಲನಿಗೆ ಕಳುಹಿಸಿದ ಪಟ್ಟಿ ನಮ್ಮ ಕಚೇರಿಯ ಇಂಡೆಂಟನ್ನು ನೆನಪಿಗೆ ತರುತ್ತದೆ. ಕೈ ತೊಳೆಯುವ ಪಾತ್ರೆ, ಮಾಂಸ ಬಡಿಸುವ ಹರಿವಾಣ, ಗಂಜಿಯ ಬೋಗುಣಿ, ಎರಡು ಹಿಡಿಯ ಹೂದಾನಿ. ಎಲ್ಲಕ್ಕೂ ಒಳಗೂ ಹೊರಗೂ ಹೊಳಪಿರಬೇಕೆಂಬ ತಾಕೀತು ಬೇರೆ!

ದೊಡ್ಡ ಮನೆತನದವರು ತಟ್ಟೆಯ ನಡುವೆ ತಮ್ಮ ಕುಲಲಾಂಛನವನ್ನು ಗುರಾಣಿಯ ಆಕಾರದಲ್ಲಿ ಬರೆಯಿಸುತ್ತಿದ್ದರು, ನಾವು ಪಾತ್ರೆಗೆ ಹೆಸರು ಹಾಕಿಸುವಂತೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ರೆಕ್ಕೆಯಂಥ ಹಿಡಿಗಳ ಹೂಜಿಯೊಂದರ ಮೇಲೆ ಫ್ಲಾರೆನ್ಸಿನ ಮೆಡಿಚಿ ಮನೆತನದ ಗುಂಡುಗಳ ಲಾಂಛನವಿದೆ. ಅದರಲ್ಲಿ ಫ್ರಾನ್ಸಿನ ಲಿಲಿ ಹೂವೂ ಸೇರಿದೆ. ಆ ಹೂವನ್ನು ಧರಿಸಲು ಫ್ರೆಂಚ್ ದೊರೆ ಅಪ್ಪಣೆ ಕೊಟ್ಟದ್ದು 1465ರಲ್ಲಿ. ಆದ್ದರಿಂದ ಹೂಜಿ ಅದಕ್ಕೆ ಹಿಂದಿನದಲ್ಲವೆಂದು ತಿಳಿಯುತ್ತದೆ.

ಕೊಂಡವರ ಗುರುತು ಹೀಗೆ ನಿಂತಿತು. ಮಾಡಿದವರ ಗುರುತು? ಮೊದಮೊದಲ ಕುಂಬಾರರಲ್ಲಿ ಹಲವರು ಮುಸಲ್ಮಾನರು. ಹಳೆಯ ಪಾತ್ರೆಗಳ ಅಂಚಿನಲ್ಲಿ ಬಳ್ಳಿಯಂತೆ ಮರಳಿ ಮರಳಿ ಬರುವ ಒಂದು ಅಲಂಕಾರವಿದೆ. ಅದು ಕ್ಷೇಮ, ಆರೋಗ್ಯ ಎಂಬ ಅರ್ಥದ ‘ಅಲ್ ಆಫಿಯಾ’ ಎಂಬ ಅರಬ್ಬೀ ಮಾತು, ಬರೆಬರೆಯುತ್ತ ಅಕ್ಷರವೆಂದೇ ತಿಳಿಯದಷ್ಟು ಸವೆದದ್ದು. ತಟ್ಟೆಯ ಹಿಂಬದಿಯಲ್ಲಿಯೂ ಕೆಲವೊಮ್ಮೆ ರೆಕ್ಕೆ ಬಿಚ್ಚಿದ ಹದ್ದನ್ನು ಕೈಬಿಚ್ಚಿ ಬರೆದಿರುತ್ತಾರೆ. ನನಗಂತೂ ಮುಂಬದಿಯ ಗುರಾಣಿಗಿಂತ ಇದೇ ಜೀವಂತವಾಗಿ ತೋರುತ್ತದೆ.

1520ರ ದಶಕದಲ್ಲಿ ವಲೆನ್ಸಿಯಾ ಸೀಮೆಯ ಮುಸಲ್ಮಾನರನ್ನು ಬಲವಂತದಿಂದ ಕ್ರೈಸ್ತರನ್ನಾಗಿ ಮಾಡಿದರು. 1609ರಲ್ಲಿ ದೊರೆ ಮೂರನೆಯ ಫಿಲಿಪ್ ಅವರ ಸಂತತಿಯನ್ನೂ ಹಡಗು ಹತ್ತಿಸಿ ಉತ್ತರ ಆಫ್ರಿಕಕ್ಕೆ ಅಟ್ಟಿಸಿದ. ಮನೀಸೆಸ್ಸಿನ ಆವಿಗೆಗಳು ಆರಲಿಲ್ಲ; ಉಳಿದ ಕುಂಬಾರರು ಕಸುಬನ್ನು ಮುಂದುವರಿಸಿದರು. ಆದರೆ ಆ ತಿಳಿಹೊನ್ನಿನ ಬಣ್ಣ ಹೋಗಿ ತಾಮ್ರದ ಕೆಂಪು ಹೆಚ್ಚಿತು.

ಊರಿನಲ್ಲಿ ಇಂದು ಪಿಂಗಾಣಿ ಕೆಲಸದ ವಸ್ತುಸಂಗ್ರಹಾಲಯವಿದೆ. ವಲೆನ್ಸಿಯಾ ನಗರದಲ್ಲಿ ಇನ್ನೂ ದೊಡ್ಡದೊಂದಿದೆ. ಆ ಕಡೆ ಹೋಗುವ ಯೋಗ ಬಂದವರು ವಿಮಾನಕ್ಕೆ ಎರಡು ಗಂಟೆ ಮುಂಚೆ ಹೊರಟು ಮನೀಸೆಸ್ಸಿನಲ್ಲಿ ಇಳಿಯಲಿ.