ಎರಡು ನವಿಲು, ಒಂದು ಜಿಂಕೆ

ಯುಗಾದಿಯ ಕರಿ ದಿನ. ಬಳ್ಳಾರಿ ಸೀಮೆಯ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ. ಅಲ್ಲಿನ ಗುಡ್ಡದ ಬುಡದಲ್ಲಿ ಒಂದು ಬೇವಿನ ಮರ, ಅದರ ನೆರಳಿಗೆ ಹಾಸಿದ ತಾಡಪಾಲಿನ ಮೇಲೆ ಹನ್ನೊಂದು ಗುಡ್ಡೆ ಖಂಡ. ಹನ್ನೊಂದು ಮನೆಯವರು ಕೂಡಿ ಒಂದು ಟಗರು ತಂದು ಕೊಯ್ದಿದ್ದರು. ತಕ್ಕಡಿ ಎಲ್ಲೂ ಕಾಣಲಿಲ್ಲ. ಹಿರಿಯರೊಬ್ಬರು ಕುಕ್ಕರಗಾಲಲ್ಲಿ ಕೂತು ಈ ಗುಡ್ಡೆಯಿಂದ ಒಂದು ಎಲುಬು ಆ ಗುಡ್ಡೆಗೆ, ಆ ಗುಡ್ಡೆಯಿಂದ ಒಂದು ತುಂಡು ಕರುಳು ಈ ಗುಡ್ಡೆಗೆ ಹಾಕುತ್ತ, ಕಣ್ಣಳತೆಯಲ್ಲೇ ಸರಿದೂಗಿಸುತ್ತಿದ್ದರು. ನಾವು ಮೂವರು, ನಾನು, ಹೆಂಡತಿ, ಹತ್ತು ವರ್ಷದ ಮಗಳು, ಗುಡ್ಡ ಹತ್ತುವ ದಾರಿ ಕೇಳಲು ನಿಂತವರು ಅಲ್ಲೇ ನಿಂತುಬಿಟ್ಟೆವು.

ಆ ಹಿರಿಯರು ತಲೆಯೆತ್ತಿ ನನ್ನ ಮಗಳನ್ನು ನೋಡಿದರು. "ಬಾ ತಾಯಿ, ನೀ ಹೊರಗಿನಾಕಿ, ನಿಂಗೆ ಯಾರ ಮ್ಯಾಲೂ ಮೋಹ ಇಲ್ಲ" ಎಂದು ಅವಳನ್ನು ಗುಡ್ಡೆಗಳಿಗೆ ಬೆನ್ನು ಮಾಡಿ ಕೂರಿಸಿ, ಕೈಗೆ ಹೆಸರಿನ ಚೀಟಿ ಕೊಟ್ಟರು. ಅವರು ಒಂದು ಗುಡ್ಡೆ ಮುಟ್ಟಿ "ಇದು ಯಾರದು?" ಅನ್ನುವುದು, ಅವಳು ಚೀಟಿಯಲ್ಲಿ ಮನಸ್ಸಿಗೆ ಬಂದ ಹೆಸರು ಓದುವುದು. ಹನ್ನೊಂದು ಸಲ ಹೀಗಾಯಿತು. ಯಾರ ಮುಖದಲ್ಲೂ ಒಂದು ಗೆರೆ ಏರುಪೇರಾಗಲಿಲ್ಲ. ಕೊನೆಗೆ ಪ್ರತಿ ಗುಡ್ಡೆಯಿಂದ ಒಂದೊಂದು ತುಂಡು ತೆಗೆದು ಮುತ್ತುಗದ ಎಲೆಯಲ್ಲಿ ಕಟ್ಟಿ ಅವಳ ಕೈಗಿಟ್ಟರು. ಕೂಗಿದವರಿಗೂ ಪಾಲುಂಟಂತೆ.

"ಇದು ಟಗರಿನ ಪಾಲು. ನಮ್ಮಪ್ಪನ ಕಾಲಕ್ಕ ಚಿಗರಿ ಪಾಲು ಹಿಂಗೇ ಹಾಕ್ತಿದ್ರು" ಎಂದರು ಹಿರಿಯರು. ನಾವು ಬಂಡೆ ನೋಡಲು ಬಂದಿದ್ದೆವು. ಆ ಮಾತು ಕೇಳಿದ ಮೇಲೆ ಆ ಸೀಮೆಯ ಬಂಡೆಗಳೆಲ್ಲ ನನಗೆ ಬೇರೆಯಾಗಿ ಕಾಣತೊಡಗಿದವು.

ಚಿಗರಿ ಎಂದರೆ ಕೃಷ್ಣಮೃಗ. ನಮ್ಮ ಜನ ಜಿಂಕೆ ಅಂತಲೂ ಕರೆಯುತ್ತಾರೆ, ಆದರೆ ಕುಲ ಬೇರೆ. ಚುಕ್ಕೆ ಜಿಂಕೆಯ ಕವಲುಕೊಂಬು ಉದುರಿ ಮತ್ತೆ ಮೊಳೆಯುತ್ತದೆ. ಚಿಗರಿಯ ತಿರುಚುಕೊಂಬು ಒಮ್ಮೆ ಬಂದರೆ ಸಾಯುವ ತನಕ ಜೊತೆಗಿರುತ್ತದೆ. ಕಾಡಿನ ಪ್ರಾಣಿಯೂ ಅಲ್ಲ ಅದು. ಬಟಾಬಯಲಲ್ಲಿ, ಹಗಲು ಬೆಳಕಿನಲ್ಲಿ, ಓಟವೊಂದನ್ನೇ ನಂಬಿ ಬದುಕುವಂಥದ್ದು.

ಹಿರಿಯರು ನೆನಪು ಬಿಚ್ಚಿದ್ದು ತುಂಗಭದ್ರೆಯ ಕಾಲುವೆ ಬರುವುದಕ್ಕೆ ಮುಂಚಿನ ಸಿರುಗುಪ್ಪದ್ದು. ಆಗ ಇಲ್ಲಿ ಕಣ್ಣು ಹಾಯುವಷ್ಟು ದೂರ ಎರೆಹೊಲ. ಹಿಂಗಾರಿನ ಬಿಳಿಜೋಳ, ಹತ್ತಿ. ಯುಗಾದಿ ಬರುವಷ್ಟರಲ್ಲಿ ಜೋಳ ಕೊಯ್ದು ಕಣ ಮುಗಿದಿರುತ್ತದೆ, ಹತ್ತಿ ಬಿಡಿಸಿ ಆಗಿರುತ್ತದೆ. ಬಯಲು ಬೋಳು. ಎರೆ ಬಿರುಕು ಬಿಟ್ಟಿರುತ್ತದೆ, ಹಳ್ಳಗಳಲ್ಲಿ ನೀರು ಅಲ್ಲೊಂದು ಇಲ್ಲೊಂದು ಮಡುವಿಗೆ ಇಳಿದಿರುತ್ತದೆ. ಚಿಗರಿಗೆ ಮರೆಯಾಗಲು ಬೆಳೆಯಿಲ್ಲ, ಕುಡಿಯಲು ಬರುವ ಜಾಗ ಎಲ್ಲರಿಗೂ ಗೊತ್ತು. ಗಂಡಸರಿಗೂ ಕೆಲಸವಿಲ್ಲದ ದಿನಗಳು. ಬೇಟೆಯ ಕಾಲವನ್ನು ಗೊತ್ತುಮಾಡಿದ್ದು ಈ ಭೂಮಿ, ಈ ಬಿಸಿಲು. ಪಂಚಾಂಗ ಅದಕ್ಕೆ ಹಬ್ಬದ ಹೆಸರು ಕೊಟ್ಟಿತು.

ಬಲೆ ಪುಂಡಿನಾರಿನದಂತೆ. ಎಲೆ ಪಲ್ಯಕ್ಕೆ, ನಾರು ಬಲೆಗೆ. ಬೆಳಕು ಹರಿಯುವ ಮುಂಚೆ ಹಳ್ಳದ ದಿಣ್ಣೆಗೆ ಬಲೆ ಕಟ್ಟಿ, ಮಿಕ್ಕವರು ಅರ್ಧಚಂದ್ರದ ಹಾಗೆ ಹರಡಿಕೊಂಡು, ಹಲಗೆ ಬಡಿಯುತ್ತ, ಕೂಗುತ್ತ ಬರುವುದು. ಹಿಂಡು ಎದ್ದು ಓಡಿದಾಗ ನೆಲ ಗುದ್ದಿದಂತೆ ಸದ್ದಾಗುತ್ತಿತ್ತು ಎಂದು ಎದೆ ಮುಟ್ಟಿ ತೋರಿಸಿದರು. ಬಹಳ ಸಲ ಬರಿಗೈ. ಸಿಕ್ಕಿದ ದಿನ ಅದನ್ನು ಕೋಲಿಗೆ ಕಟ್ಟಿ ಊರ ಮುಂದೆ ತಂದು, ದೇವರಿಗೆ ತೋರಿಸಿ, ಆಮೇಲೆ ಪಾಲು. ಮೊದಲ ಏಟಿನವನಿಗೆ ತಲೆ. ಬಲೆಯವನಿಗೆ ಒಂದು ತೊಡೆ. ಓಡಿದ ನಾಯಿಗೂ ಒಂದು ಆಳಿನ ಪಾಲು, ಅದು ನಾಯಿ ಸಾಕಿದ ಮನೆಗೆ. ಉಳಿದದ್ದು ಬೇಟೆಗೆ ಹೋದವರಿಗೆ ಸಮ. ಇಷ್ಟು ಹೇಳಿ ಅವರು ಸುಮ್ಮನಾದರು, ಮುಗಿಯಿತೇನೋ ಅಂದುಕೊಂಡೆ. ಆಮೇಲೆ ಮೆಲ್ಲಗೆ ಅಂದರು: "ಗಂಡಸಿಲ್ಲದ ಮನೀಗೆ ಮೊದಲು ಹೋಗ್ತಿತ್ತು. ಬಾಣಂತಿ ಮನೀಗೆ ಈಲಿ. ನಮ್ಮವ್ವ ಮೂರು ವರ್ಷ ಆ ಪಾಲಿನಾಗ ನಮ್ಮನ್ನ ಹಬ್ಬ ಉಣಿಸ್ಯಾಳ."

ಈಲಿ ಎಂದರೆ ಯಕೃತ್ತು. ಅದು ಯಾರಿಗೆ ಹೋಗಬೇಕು ಎಂದು ಓದುಬರಹ ಬಾರದ ಆ ಬೇಟೆಗಾರರಿಗೆ ತಿಳಿದಿತ್ತು.

ಗುಡ್ಡ ಹತ್ತಿದೆವು. ತೆಕ್ಕಲಕೋಟೆಯ ಗುಡ್ಡಗಳು ಯಾರೋ ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಎದ್ದುಹೋದಂತಿವೆ. 1963-64ರಲ್ಲಿ ಎಂ.ಎಸ್. ನಾಗರಾಜ ರಾವ್ ಮತ್ತು ಕೆ.ಸಿ. ಮಲ್ಹೋತ್ರ ಇಲ್ಲಿ ಉತ್ಖನನ ಮಾಡಿದರು. ಸುಮಾರು ಮೂರೂವರೆ ಸಾವಿರ ವರ್ಷದ ಹಿಂದೆ ಈ ಬಂಡೆಗಳ ಸಂದಿನ ಸಮತಟ್ಟುಗಳಲ್ಲಿ ಗುಂಡನೆಯ ಗುಡಿಸಲು ಕಟ್ಟಿಕೊಂಡಿದ್ದ ಜನರ ನೆಲಗಟ್ಟು ಸಿಕ್ಕಿತು. ನುಣುಪು ಮಾಡಿದ ಕಲ್ಲುಕೊಡಲಿ, ಬೀಸುಕಲ್ಲು, ಮಣ್ಣಿನ ಗಡಿಗೆ, ಅವುಗಳ ನಡುವೆ ಚಿನ್ನದ ಆಭರಣವೂ ಸಿಕ್ಕಿತು. ನಾಗರಾಜ ರಾವ್ ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾದರು. ಅವರ ದೊಡ್ಡತನ ನನಗೆ ಕಂಡದ್ದು ಬೇರೆ ಕಡೆ. ನೆಲ ಅಗೆಯುತ್ತಿದ್ದಾಗ ಅವರು ತಲೆಯೆತ್ತಿ ಸುತ್ತಲ ಊರನ್ನೂ ನೋಡಿದರು. ಬೋಯರು, ಅಂದರೆ ನಮ್ಮ ಬೇಡ ನಾಯಕರು, ಅದೇ ಗುಡ್ಡದ ಬುಡದಲ್ಲಿ ಇನ್ನೂ ಗುಂಡು ಗುಡಿಸಲು ಕಟ್ಟುತ್ತಿದ್ದರು. ನವಶಿಲಾಯುಗದ ಬದುಕಿನ ಕೆಲವು ರೀತಿಗಳು ಇವರಲ್ಲಿ ಉಳಿದುಬಂದಿವೆಯೆಂದು ಅವರು 1965ರಲ್ಲಿ ಬರೆದರು. ಸತ್ತವರ ಮನೆ ಹುಡುಕಲು ಬಂದವರಿಗೆ ಅದೇ ಮನೆ ಬದುಕಿರುವವರ ಓಣಿಯಲ್ಲಿ ಸಿಕ್ಕಿತು!

ಅದೇ ಬುಡದಲ್ಲಿ ಈಗಷ್ಟೇ ನನ್ನ ಮಗಳು ಹನ್ನೊಂದು ಹೆಸರು ಕೂಗಿ ಬಂದಿದ್ದಳು. ಅವಳು ಬಂಡೆಯ ಮೇಲೆ ಕೂತು ಮುತ್ತುಗದ ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಇದ್ದಳು. "ಅಪ್ಪಾ, ಆಗಿನವರೂ ಹಿಂಗೇ ಬೆನ್ನು ತಿರುಗಿಸಿ ಹಂಚ್ತಿದ್ರಾ?" ಎಂದಳು. ಅಗೆತದಲ್ಲಿ ಎಲುಬು ಸಿಗುತ್ತದೆ, ಕೊಡಲಿ ಸಿಗುತ್ತದೆ. ಹಂಚಿದ ಕೈ ಸಿಗುವುದಿಲ್ಲ. ಹಾಗೆಂದು ಅವಳಿಗೆ ಹೇಳಿದೆ.

ಹಿಂದಿನ ದಿನ ಕುರುಗೋಡಿಗೆ ಹೋಗಿ ದೊಡ್ಡಬಸವೇಶ್ವರನಿಗೆ ಕೈಮುಗಿದು, ಆಮೇಲೆ ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಕ್ಕೆ ಹೋಗಿದ್ದೆವು. ಹಿರೇಗುಡ್ಡದ ನೆತ್ತಿಯಲ್ಲಿ ಕರಿಕಲ್ಲಿನ ಪಟ್ಟೆಯೊಂದು ಹಾದುಹೋಗುತ್ತದೆ. ಆ ಕಲ್ಲುಗಳ ಮೇಲೆ ಕುಟ್ಟಿ ಮೂಡಿಸಿದ ಚಿತ್ರಗಳು ಸಾಲುಸಾಲು. ಫ್ರೆಡ್ ಫಾಸೆಟ್ 1892ರಲ್ಲೇ ಇವುಗಳ ಬಗ್ಗೆ ಬರೆದಿದ್ದ. ಉದ್ದ ಕೊಂಬಿನ ಎತ್ತುಗಳೇ ಹೆಚ್ಚು. ಸುತ್ತಲ ಬೂದಿದಿಬ್ಬಗಳೂ ಆ ನವಶಿಲಾಯುಗದ ಜನ ತಮ್ಮ ದನಗಳ ಸಗಣಿಯ ರಾಶಿ ಸುಟ್ಟು ಆದವೇ. ಅಂದರೆ ಅವರ ಬದುಕು ದನದ ಮೇಲೆ ನಿಂತಿತ್ತು, ಕಾಡುಮಾಂಸ ಅಪರೂಪದ ಊಟ. ಎತ್ತುಗಳ ನಡುವೆ ಎಲ್ಲೋ ಒಂದು ಜಿಂಕೆ ಕಂಡರೆ ಅದಕ್ಕೇ ಮನಸ್ಸು ಹಿಗ್ಗುತ್ತದೆ. ಆ ಕರಿಗುಂಡುಗಳಲ್ಲಿ ಕೆಲವನ್ನು ಸಣ್ಣಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನುಡಿಯುತ್ತವೆ. ಒಮ್ಮೆ ಮೆಲ್ಲನೆ ತಟ್ಟಿ, ಆ ನಾದ ಬಯಲಿಗೆ ಇಳಿದುಹೋಗುವುದನ್ನು ಮೂವರೂ ಕೇಳುತ್ತ ನಿಂತೆವು. ಅಲ್ಲೇ ಪಕ್ಕದಲ್ಲಿ ಕಲ್ಲುಗಣಿ ಕಡಿದ ಗಾಯವೂ ಕಾಣುತ್ತದೆ. ಅದನ್ನು ನೋಡಿ ಸಂಕಟವಾಯಿತು.

ಆದರೆ ಈ ಪ್ರವಾಸದಲ್ಲಿ ನನ್ನನ್ನು ನಿಲ್ಲಿಸಿದ ಕಲ್ಲು ನಿತ್ತೂರಿನದು.

ಸಿರುಗುಪ್ಪ ತಾಲ್ಲೂಕಿನ ನಿತ್ತೂರು ತುಂಗಭದ್ರೆಯ ಸೀಮೆಯ ಊರು. ಅಲ್ಲೊಂದು ಬಂಡೆಯ ಮೇಲೆ ಅಶೋಕನ ಶಾಸನವಿದೆ. ಇದೇ ಸೀಮೆಯ ಉದೇಗೋಳದಲ್ಲಿ ಇನ್ನೊಂದು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಕ್ರಿಸ್ತಪೂರ್ವ 3ನೆಯ ಶತಮಾನ. ದೇಶದ ತುಂಬ ಹರಡಿರುವ ಅವನ ಶಾಸನಗಳಲ್ಲಿ ಅಶೋಕ ಎಂಬ ಹೆಸರು ಕೆತ್ತಿರುವ ಕಲ್ಲುಗಳು ಬೆರಳೆಣಿಕೆಯವು: ಮಸ್ಕಿ, ಮಧ್ಯಪ್ರದೇಶದ ಗುಜರ್ರಾ, ಮತ್ತೆ ನಮ್ಮ ನಿತ್ತೂರು, ಉದೇಗೋಳ. ಮಿಕ್ಕೆಡೆ ಅವನು ದೇವಾನಾಂಪ್ರಿಯ, ಪ್ರಿಯದರ್ಶಿ ಮಾತ್ರ. ಚಕ್ರವರ್ತಿ ತನ್ನ ಮನೆಯ ಹೆಸರು ಹೇಳಿಕೊಂಡದ್ದು ಹೆಚ್ಚಾಗಿ ಈ ಎರೆಸೀಮೆಯ ಜನರಿಗೆ! ಕಲ್ಲು ಹೇಳುವುದು ನಮ್ಮ ಅಜ್ಜಿಯರು ಹೇಳುವಂಥದ್ದೇ. ತಂದೆತಾಯಿಯ ಮಾತು ಕೇಳಿ, ಹಿರಿಯರನ್ನು ಗೌರವಿಸಿ, ಪ್ರಾಣಿಗಳ ಮೇಲೆ ದಯೆಯಿರಲಿ, ಸತ್ಯ ನುಡಿಯಿರಿ. ಈ ಮಾತನ್ನು ಡಂಗುರ ಹೊಡೆದು ಹಳ್ಳಿಯವರಿಗೆ ತಿಳಿಸಬೇಕೆಂಬ ಆಜ್ಞೆಯೂ ಉಂಟು.

ಬಳ್ಳಾರಿಯಿಂದ ಗುಂತಕಲ್ಲು, ಗುತ್ತಿ ದಾಟಿ ಪತ್ತಿಕೊಂಡದ ಕಡೆ ಹೊರಳಿದರೆ ಯರ್ರಗುಡಿ ಸಿಗುತ್ತದೆ. ಅಲ್ಲಿ ಅಶೋಕನ ಹದಿನಾಲ್ಕು ದೊಡ್ಡ ಶಾಸನಗಳೂ ಇವೆ. ಅವುಗಳಲ್ಲಿ ಮೊದಲನೆಯದರಲ್ಲಿ ಅವನು ತನ್ನ ಅಡುಗೆಮನೆಯ ಲೆಕ್ಕ ಕೊಡುತ್ತಾನೆ. ಹಿಂದೆ ಅರಮನೆಯ ಸಾರಿಗೆ ದಿನಾ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರು. ಈಗ ಮೂರು ಮಾತ್ರ. ಎರಡು ನವಿಲು, ಒಂದು ಜಿಂಕೆ. ಆ ಜಿಂಕೆಯೂ ನಿತ್ಯವಲ್ಲ. ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲ ಎಂದು ಮಾತು ಕೊಡುತ್ತಾನೆ. ಎಂಟನೆಯದರಲ್ಲಿ, ಹಿಂದಿನ ಅರಸರು ಬೇಟೆಯ ವಿಹಾರಯಾತ್ರೆಗೆ ಹೋಗುತ್ತಿದ್ದರು, ನಾನು ಅದನ್ನು ಬಿಟ್ಟು ಧರ್ಮಯಾತ್ರೆಗೆ ಹೋಗುತ್ತೇನೆ ಎನ್ನುತ್ತಾನೆ.

ಅರಸರು ಬೇಟೆಯಾಡಿದ್ದನ್ನು ಕಲ್ಲಿನಲ್ಲಿ ಕಡೆಸುವುದು ನಮಗೆ ಹೊಸದಲ್ಲ. ಹಂಪಿಯ ಮಹಾನವಮಿ ದಿಬ್ಬದ ಸಾಲುಚಿತ್ರಗಳಲ್ಲಿ ಬೇಟೆಗಾರರು ಜಿಂಕೆಯ ಬೆನ್ನುಹತ್ತಿದ್ದಾರೆ. ಕಲ್ಯಾಣದ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಬೇಟೆಯನ್ನು ಅರಸನ ವಿನೋದಗಳಲ್ಲಿ ಒಂದಾಗಿ ವರ್ಣಿಸಿದ್ದಾನೆ. ಅಂಥವರ ನಡುವೆ ಒಬ್ಬ ಚಕ್ರವರ್ತಿ, ನಾನು ಇನ್ನೂ ಪೂರ್ತಿ ಬಿಟ್ಟಿಲ್ಲ, ಒಂದು ಜಿಂಕೆ ಉಳಿದಿದೆ ಎಂದು ಊರೂರಿಗೆ ಒಪ್ಪಿಸುತ್ತಾನಲ್ಲ! ಪೂರ್ತಿ ಬಿಟ್ಟೆ ಎಂದು ಬರೆಸಿದ್ದರೆ ಕೇಳುವವರು ಯಾರಿದ್ದರು? ಆ ಒಂದು ಜಿಂಕೆಯ ಪ್ರಾಮಾಣಿಕತೆಗೆ ನಾನು ಯರ್ರಗುಡಿಯ ಬಿಸಿಲಲ್ಲಿ ನಿಂತು ಮನಸಾರೆ ತಲೆಬಾಗಿದ್ದೇನೆ. ನಿತ್ತೂರಿನ ಬಂಡೆಯ ಮುಂದೆ ನಿಂತಾಗ ನೆನಪಾದದ್ದು ಆ ಲೆಕ್ಕವೇ, ಜೊತೆಗೆ ತೆಕ್ಕಲಕೋಟೆಯ ಹಿರಿಯರ ಲೆಕ್ಕವೂ. ತಲೆ ಯಾರಿಗೆ, ತೊಡೆ ಯಾರಿಗೆ, ಈಲಿ ಯಾರಿಗೆ ಎಂದು ಅವರೂ ಒಂದು ತುಂಡು ಬಚ್ಚಿಡದೆ ಹೇಳಿದ್ದರು.

ಹೊತ್ತು ಇಳಿಯುವಾಗ ಪರಿಚಯದವರೊಬ್ಬರು ನಮ್ಮನ್ನು ಕಾಲುವೆಯ ನೀರು ಮುಟ್ಟದ ಎರೆಹೊಲಗಳ ಕಡೆ ಕರೆದೊಯ್ದರು. 1953ರಲ್ಲಿ ತುಂಗಭದ್ರೆಗೆ ಕಟ್ಟೆ ಬಿದ್ದ ಮೇಲೆ ಕಾಲುವೆಗಳು ಬಂದು ಸಿರುಗುಪ್ಪ ಭತ್ತದ ಸೀಮೆಯಾಯಿತು. ಅನ್ನ ಬಂತು, ಅದರ ಬೆಲೆ ನನಗೆ ಗೊತ್ತು. ಚಿಗರಿಗೆ ಉಳಿದದ್ದು ಅಂಚಿನ ಒಣಬಯಲು. ಎರ್ಲಡ್ಡು ಹಕ್ಕಿಯೂ ಇಂಥ ಬಯಲಿನದೇ; ನಾಡಿನಲ್ಲಿ ಅದರ ಕೊನೆಯ ಆಸರೆಗಳಲ್ಲಿ ಒಂದು ಈ ಸಿರುಗುಪ್ಪ. ನಮಗೆ ಹಕ್ಕಿ ಕಾಣಲಿಲ್ಲ.

ಚಿಗರಿ ಕಂಡಿತು. ಮೊದಲು ಹೆಣ್ಣುಗಳು, ಒಣಜೋಳದ ಕೂಳೆಯ ಬಣ್ಣವೇ. ಆಮೇಲೆ ಗಂಡು. ಮೈ ಕಪ್ಪು, ಹೊಟ್ಟೆ ಬಿಳಿ, ಕಣ್ಣ ಸುತ್ತ ಬಿಳಿಯ ಉಂಗುರ, ತಿರುಚಿ ಮೇಲೆದ್ದ ಜೋಡಿ ಕೊಂಬು. ಎಲ್ಲೋ ನಾಯಿ ಬೊಗಳಿತು. ಒಂದು ಹೆಣ್ಣು ನಿಂತಲ್ಲಿಂದ ನೇರ ಮೇಲಕ್ಕೆ ಪುಟಿಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನೆಲಕ್ಕೂ ಆಕಾಶಕ್ಕೂ ನಡುವೆ ಇಡೀ ಹಿಂಡು ಸ್ವಲ್ಪ ಹೊತ್ತು ತೇಲಿದಂತಾಯಿತು. ಹೆಂಡತಿ ನನ್ನ ಮುಂಗೈ ಹಿಡಿದಿದ್ದಳು, ಉಸಿರು ಬಿಡಲಿಲ್ಲ. ನೆಲ ಗುದ್ದಿದ ಸದ್ದು ನನ್ನ ಎದೆಗೂ ಬಂತು. ಹಿರಿಯರು ಕೈಯಿಟ್ಟು ತೋರಿಸಿದ ಜಾಗವೇ ಅದು.

1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಚಿಗರಿಯ ಹೆಸರಿದೆ. ಕೊಂದವರಿಗೆ ಮೂರರಿಂದ ಏಳು ವರ್ಷ ಜೈಲು. ಆದರೂ ಯುಗಾದಿ ಬಂದರೆ ನಮ್ಮ ಸೀಮೆಯ ಕೆಲವು ಊರುಗಳಲ್ಲಿ ಬಡಿಗೆ ಹಿಡಿದು ಮೊಲದ ಬೇಟೆಗೆ ಹೊರಡುವುದು ನಿಂತಿಲ್ಲ. ಮೊಲಕ್ಕೂ ಅದೇ ಕಾಯ್ದೆಯ ರಕ್ಷಣೆಯಿದೆ. ಹೊರಡುವವರನ್ನು ನಾನು ಹಳಿಯಲಾರೆ. ಅವರ ಅಜ್ಜಂದಿರ ಈಲಿಯ ಪಾಲು ಎಷ್ಟೋ ಬಾಣಂತಿಯರನ್ನು ಉಳಿಸಿರಬಹುದು. ಮೊಳಕೆಯೊಡೆದ ಕಡಲೆ ಚಿಗರಿಯ ಪಾಲಾದಾಗ ರೈತ ಪಡುವ ಸಂಕಟವೂ ಸುಳ್ಳಲ್ಲ, ಅವನಿಗೆ ಪರಿಹಾರ ಬೇಗ ಸಿಗಬೇಕು. ಬೇಟೆ ಮಾತ್ರ ನಿಲ್ಲಬೇಕು. ತೆಕ್ಕಲಕೋಟೆಯ ಬೇವಿನ ಕೆಳಗೆ ಅದು ನಿಂತಿದೆ, ಪಾಲು ನಿಂತಿಲ್ಲ. ನಾನೇ ಕಣ್ಣಾರೆ ಕಂಡೆ.

ಆ ರಾತ್ರಿ ಪರಿಚಯದವರ ಮನೆಯಲ್ಲಿ ನಮ್ಮ ಪೊಟ್ಟಣ ಬಿಚ್ಚಿ ಸಾರು ಮಾಡಿದರು. ಬಿಳಿಜೋಳದ ರೊಟ್ಟಿ, ಜೊತೆಗೆ ಪುಂಡಿಪಲ್ಯ. ಒಂಬತ್ತು ಜನ ಉಂಡೆವು. ಮಗಳು ತನ್ನ ತಟ್ಟೆಯಿಂದ ಒಂದು ತುಂಡು ತೆಗೆದು ಆ ಮನೆಯ ಅಜ್ಜಿಯ ತಟ್ಟೆಗೆ ಹಾಕಿದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಸಿರುಗುಪ್ಪಕ್ಕೆ ಹೋಗಿ ಬನ್ನಿ, ಮಕ್ಕಳನ್ನು ಕರೆದುಕೊಂಡು ಹೋಗಿ. ನಿತ್ತೂರಿನ ಬಂಡೆಯನ್ನು ಸುಣ್ಣ, ಬಣ್ಣ ತಾಗಿಸದೆ ನೋಡಿ. ಎರೆಬಯಲಿಗೆ ಹೋಗುವಾಗ ನಾಯಿಯನ್ನು ಮನೆಯಲ್ಲೇ ಬಿಡಿ, ಹಿಂಡಿನ ಹಿಂದೆ ಬೈಕು ಓಡಿಸಬೇಡಿ. ಹುಲ್ಲಿನಲ್ಲಿ ಚಿಗರಿಯ ಮರಿಯೊಂದು ಒಂಟಿಯಾಗಿ ಅಲುಗಾಡದೆ ಮಲಗಿದ್ದು ಕಂಡರೆ ತಬ್ಬಲಿ ಎಂದು ಎತ್ತಿಕೊಳ್ಳಬೇಡಿ. ಅದರ ತಾಯಿಯೇ ಅದನ್ನು ಅಲ್ಲಿ ಬಚ್ಚಿಟ್ಟು ಮೇಯಲು ಹೋಗಿರುತ್ತದೆ. ನೀವು ದೂರ ಸರಿದ ಮೇಲೆ ಹಾಲೂಡಿಸಲು ಬರುತ್ತದೆ.