ಹನ್ನೆರಡು ಫಾರಂ ಪುಸ್ತಕ

ಹಾವೇರಿ ಜಿಲ್ಲೆಯ ಸಬ್ ಸೆಂಟರುಗಳಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿ ದುಡಿದು 2021ರಲ್ಲಿ ನಿವೃತ್ತಳಾದೆ. ವರದಾ ನದಿ ದಂಡೆಯ ಹಳ್ಳಿಗಳಲ್ಲಿ ನಾನು ಮಾಡಿಸಿದ ಹೆರಿಗೆಗಳ ಬಗ್ಗೆ, ಉಳಿದ ತಾಯಂದಿರ ಬಗ್ಗೆ, ಉಳಿಯದೆ ಹೋದವರ ಬಗ್ಗೆ ಒಂದು ಪುಸ್ತಕ ಬರೆದೆ. ನಾನೇ ಅಚ್ಚು ಹಾಕಿಸಿದೆ, ನಾನೇ ಮಾರಿದೆ. ಬರೆಯಲು ಒಂದು ಮಳೆಗಾಲ ಸಾಕಾಯಿತು. ಓದುವವರ ಕೈಗೆ ಮುಟ್ಟಿಸಲು ವರ್ಷಗಳೇ ಹಿಡಿದವು. ಆ ವರ್ಷಗಳಲ್ಲಿ ಏನೇನಾಯಿತೋ ಅದನ್ನಷ್ಟೇ ಹೇಳುತ್ತೇನೆ.

ಮೊದಲು ಹೋದದ್ದು ಪ್ರಕಾಶಕರ ಬಳಿಗೇ. ಒಬ್ಬರು ಬರಹ ಚೆನ್ನಾಗಿದೆ, ಆದರೆ ಸರದಿಯಲ್ಲಿ ಬಹಳ ಪುಸ್ತಕಗಳಿವೆ, ಎರಡು ವರ್ಷ ಕಾಯಬೇಕಾದೀತು ಎಂದರು. ಅದು ಪ್ರಾಮಾಣಿಕ ಮಾತು, ನನಗೆ ಬೇಸರವಾಗಲಿಲ್ಲ. ಇನ್ನೊಬ್ಬರು, ಐನೂರು ಪ್ರತಿ ನೀವೇ ಕೊಳ್ಳುವುದಾದರೆ ಮುಂದಿನ ತಿಂಗಳೇ ತರುತ್ತೇವೆ ಎಂದರು. ಮೂರನೆಯವರು ಹಸ್ತಪ್ರತಿಯನ್ನು ಪೂರ್ತಿ ಓದಿದ್ದರು. ಓದಿ ಎರಡು ಬದಲಾವಣೆ ಕೇಳಿದರು. ಹೆಂಗಸರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಕು. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ದಾರಿಯಲ್ಲೇ, ಟೆಂಪೋದಲ್ಲೇ ತೀರಿಕೊಂಡವಳ ಅಧ್ಯಾಯ ತೆಗೆಯಬೇಕು. ಓದುವವರಿಗೆ ಅಷ್ಟು ಸಂಕಟ ಬೇಡ ಎಂಬುದು ಅವರ ಅಭಿಪ್ರಾಯ. ಅವಳು ತೀರಿಕೊಂಡಾಗ ತಲೆ ನನ್ನ ತೊಡೆಯ ಮೇಲಿತ್ತು. ನಮ್ಮ ರಾಜ್ಯಕ್ಕೆ 108 ಆಂಬುಲೆನ್ಸ್ ಬಂದದ್ದು 2008ರ ಕೊನೆಗೆ; ಇದು ಅದಕ್ಕೂ ಹಿಂದಿನ ಮಾತು. ಆ ಅಧ್ಯಾಯ ಬರೆಯಬೇಕೆಂದೇ ಉಳಿದದ್ದನ್ನೆಲ್ಲ ಬರೆದವಳು ನಾನು. ಹಸ್ತಪ್ರತಿ ವಾಪಸ್ ತಂದೆ.

ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಆದರೆ ಅದು ಯುವ ಬರಹಗಾರರಿಗೆ. ನನಗೆ ಅರವತ್ತು ದಾಟಿತ್ತು. ನಿವೃತ್ತಿಯ ಹಣ ಮಗಳ ಮದುವೆಯ ಸಾಲಕ್ಕೂ ಮನೆಯ ದುರಸ್ತಿಗೂ ಹೋಗಿಯಾಗಿತ್ತು. ಉಳಿದದ್ದು ತವರಿನವರು ಹಾಕಿದ ಬಿಲ್ವಾರ. ಅವನ್ನು ಬ್ಯಾಂಕಿನಲ್ಲಿ ಅಡವಿಟ್ಟೆ. ಮನೆಯಲ್ಲಿ ಮಾತು ಬೆಳೆಯಿತು. ಬಂಗಾರ ಬಿಡಿಸಿಕೊಳ್ಳುವುದು ನನ್ನ ಪಿಂಚಣಿಯಿಂದಲೇ ಎಂದು ಹೇಳಿ ಮುಗಿಸಿದೆ.

ಅಚ್ಚಿಗೆ ಕೊಡುವ ಮೊದಲು ಇನ್ನೊಂದು ಕೆಲಸ ಬಾಕಿ ಇತ್ತು. ಹೆಸರು, ಊರು ಎಲ್ಲ ಬದಲಿಸಿದ್ದೆ. ಆದರೆ ಹಳ್ಳಿಯಲ್ಲಿ ಯಾವ ಕಥೆ ಯಾರದೆಂದು ಗೊತ್ತಾಗಲು ಹೆಸರು ಬೇಕಾಗಿಲ್ಲ. ಹಾಗಾಗಿ ಯಾರ ಬಗ್ಗೆ ಬರೆದಿದ್ದೆನೋ ಅವರ ಮನೆಗೆ ಹೋಗಿ ಕೂತು ಅವರವರ ಅಧ್ಯಾಯ ಓದಿ ಹೇಳಿದೆ. ಎಷ್ಟೋ ಮನೆಗಳಲ್ಲಿ ಅತ್ತೆ ಸೊಸೆ ಇಬ್ಬರೂ ಕೂತು ಕೇಳಿದರು. ಒಬ್ಬ ಅಜ್ಜಿ ನಡುವೆ ತಡೆದು, "ಅವತ್ತ ಮಳಿ ಇರಲಿಲ್ರೀ ಅಕ್ಕಾರ, ಬೆಳದಿಂಗಳ ಇತ್ತು" ಎಂದು ತಿದ್ದಿದಳು. ಒಬ್ಬ ತಾಯಿ ಕೊನೆಯವರೆಗೂ ಕೇಳಿ, ಚಹಾ ಕೊಟ್ಟು, ಇದು ಪುಸ್ತಕದಾಗ ಬ್ಯಾಡ ಎಂದಳು. ಅವಳ ಮಗಳಿಗೆ ಆಗ ಗಂಡು ನೋಡುತ್ತಿದ್ದರು. ಆ ಅಧ್ಯಾಯ ತೆಗೆದೆ. ತೆಗೆದದ್ದಕ್ಕೆ ಇವತ್ತಿಗೂ ಸಮಾಧಾನವಿದೆ.

ಟೆಂಪೋದಲ್ಲಿ ತೀರಿಕೊಂಡವಳ ಗಂಡನ ಮನೆಗೆ ಹೋಗುವುದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅವನಿಗೆ ಮರುಮದುವೆಯಾಗಿ ಮಕ್ಕಳು ದೊಡ್ಡವರಾಗಿದ್ದರು. ಮನೆಯಲ್ಲಿ ಬೇಡ ಎಂದು ಹೊಲಕ್ಕೆ ಕರೆದುಕೊಂಡು ಹೋದ. ಬದುವಿನ ಮೇಲೆ ಕೂತು ಓದಿದೆ. ಮುಗಿದ ಮೇಲೆ ಅವನು ಕೇಳಿದ್ದು ಒಂದೇ: "ಆಕಿ ಹೆಸರ ಯಾಕ ಬದಲಿ ಮಾಡೀರಿ? ಖರೇ ಹೆಸರ ಹಾಕ್ರಿ. ಮತ್ತೆಲ್ಲೆ ಐತಿ ಆಕಿ ಹೆಸರು?" ರೇಷನ್ ಕಾರ್ಡಿನಿಂದ ಹೋಗಿತ್ತು, ಮತದಾರರ ಪಟ್ಟಿಯಿಂದ ಹೋಗಿತ್ತು. ಪುಸ್ತಕದಲ್ಲಿ ನಿಜವಾದ ಹೆಸರಿರುವುದು ಅವಳೊಬ್ಬಳದೇ. ಪುಸ್ತಕದ ಕೆಲಸದಲ್ಲಿ ಕಾಲಿಟ್ಟಲ್ಲೆಲ್ಲ ಅಡ್ಡಿ ಬಂದ ಮುಂದಿನ ದಿನಗಳಲ್ಲಿ ನಾನು ಹಿಂದೆ ಸರಿಯದೆ ಇದ್ದದ್ದು ಆ ಮಾತಿನಿಂದ.

ಅಚ್ಚು ಹಾಕಿಸಲು ಗದಗಕ್ಕೆ ಹೋದೆ. ಮುದ್ರಣ ಕಾಶಿ ಎಂದು ಹೆಸರಾದ ಊರು. ನಮ್ಮ ಭಾಗದ ಮನೆಗಳ ಪಂಚಾಂಗ, ಪುರಾಣ, ಪಠ್ಯಪುಸ್ತಕ ಎಷ್ಟೋ ಅಲ್ಲಿಂದಲೇ ಬಂದವು. ಫಾರಂ ಎಂದರೆ ಏನೆಂದು ಕಲಿತದ್ದು ಅಲ್ಲೇ. ಡೆಮಿ ಅಷ್ಟಪತ್ರ ಆಕಾರದಲ್ಲಿ ಹದಿನಾರು ಪುಟ ಸೇರಿ ಒಂದು ಫಾರಂ. ನನ್ನದು ಹದಿಮೂರನೆಯ ಫಾರಂಗೆ ಕಾಲಿಟ್ಟಿತ್ತು. ಬೇಡವೆಂದ ಆ ತಾಯಿಯ ಅಧ್ಯಾಯ ಬಿಟ್ಟ ಮೇಲೆ ಸರಿಯಾಗಿ ಹನ್ನೆರಡಕ್ಕೆ, 192 ಪುಟಕ್ಕೆ ನಿಂತಿತು.

ಅಕ್ಷರ ಜೋಡಣೆಯೇ ದೊಡ್ಡ ತಲೆನೋವಾಯಿತು. ನನ್ನ ಕೈಬರಹವನ್ನು ಅಕ್ಕನ ಮಗ ಮೊಬೈಲಿನಲ್ಲಿ ಯೂನಿಕೋಡಿನಲ್ಲಿ ಟೈಪ್ ಮಾಡಿದ್ದ. ಪ್ರೆಸ್ಸಿನವರದು ಹಳೆಯ ಪೇಜ್‌ಮೇಕರ್. ಅದಕ್ಕೆ ನುಡಿ ತಂತ್ರಾಂಶದ ಹಳೆಯ ಅಕ್ಷರಗಳೇ ಬೇಕು. ಪರಿವರ್ತನೆ ಮಾಡಿದಾಗ ಒತ್ತಕ್ಷರಗಳು ಕಳಚಿದವು, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂತಿತು. ನನ್ನ ಪುಸ್ತಕದಲ್ಲಿ ಗರ್ಭಿಣಿ, ಗರ್ಭಕೋಶ, ಆಸ್ಪತ್ರೆ ಇಲ್ಲದ ಪುಟವೇ ಇಲ್ಲ. ಕರಡು ಹಿಡಿದು ಸಾಲು ಸಾಲಿನ ಮೇಲೆ ಬೆರಳಿಟ್ಟು ತಿದ್ದಿದೆ. ಪೊರೆ ತೆಗೆಸಿದ ಕಣ್ಣು ನೀರು ಸುರಿಸುತ್ತಿತ್ತು. ಸಹಾಯಕ್ಕೆ ಬಂದ ನಿವೃತ್ತ ಕನ್ನಡ ಮೇಷ್ಟ್ರು ಒಬ್ಬರು ಹಣ ತೆಗೆದುಕೊಳ್ಳಲಿಲ್ಲ. ಹೆಂಗಸರ ಮಾತಿನ ಒಂದಕ್ಷರವನ್ನೂ ತಿದ್ದದೆ ತಪ್ಪನ್ನಷ್ಟೇ ತಿದ್ದಿಕೊಟ್ಟರು.

2022ರಲ್ಲಿ ಕಾಗದದ ಬೆಲೆ ವಿಪರೀತ ಏರಿತ್ತು. ಮೊದಲು ಹೇಳಿದ ದರ ಅಚ್ಚಿನ ಹೊತ್ತಿಗೆ ಉಳಿದಿರಲಿಲ್ಲ. 70 ಜಿಎಸ್‌ಎಂ ಮ್ಯಾಪ್ಲಿಥೋ, ಮೇಲೆ 300 ಜಿಎಸ್‌ಎಂ ಆರ್ಟ್ ಕಾರ್ಡ್, ಸಾವಿರ ಪ್ರತಿ. ಜೋಡಣೆ, ಮುಖಪುಟ ಎಲ್ಲ ಸೇರಿ ಒಂದು ಪ್ರತಿಗೆ ಎಂಬತ್ತು ರೂಪಾಯಿಯ ಹತ್ತಿರ ಬಿತ್ತು. ಬೆಲೆ 200 ಎಂದಿಟ್ಟೆ. ಅಂಗಡಿಯವರಿಗೆ ನೂರಕ್ಕೆ ನಲವತ್ತು ಬಿಟ್ಟರೆ 120 ಉಳಿಯುತ್ತದೆ. ಅಚ್ಚಿನ ಖರ್ಚು ಕಳೆದರೆ ನಲವತ್ತು. ಅದರಲ್ಲೇ ಬಸ್ಸಿನ ಲಗೇಜು, ಅಂಚೆ, ಬಡ್ಡಿ. ಈ ಲೆಕ್ಕವನ್ನು ಬರಹಗಾರರಿಗೆ ಯಾರೂ ಹೇಳಿಕೊಡುವುದಿಲ್ಲ. ಮೊದಲೇ ಹೇಳಬೇಕು.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಹಣ ಕೊಡಬೇಕಿಲ್ಲ. ದೆಹಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ಸಂಸ್ಥೆ ಸ್ವಂತವಾಗಿ ಪುಸ್ತಕ ತರುವ ಲೇಖಕರಿಗೂ ಪುಕ್ಕಟೆ ಕೊಡುತ್ತದೆ. ಗೊತ್ತಿಲ್ಲದವರಿಂದ ಇದಕ್ಕೆ ಸಾವಿರಾರು ರೂಪಾಯಿ ವಸೂಲಿ ಮಾಡುವ ಮಧ್ಯವರ್ತಿಗಳಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಪುಸ್ತಕ ಬಂದ ಮೂವತ್ತು ದಿನದೊಳಗೆ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಆ ನಾಲ್ಕು ಪಾರ್ಸೆಲ್ ಕಟ್ಟಿದ ಸಂಜೆ ಬಹಳ ಹೊತ್ತು ಅತ್ತೆ. ಹೊಲದ ಬದುವಿನ ಮೇಲೆ ಕೂತು ಅವನು ಕೇಳಿದ ಹೆಸರು ಈ ದೇಶದ ನಾಲ್ಕು ದೊಡ್ಡ ಕಪಾಟುಗಳಿಗೆ ಹೊರಟಿತ್ತು.

ಇನ್ನು ವಿತರಕರ ಮಾತು. ಬೆಂಗಳೂರಿನ ಒಬ್ಬರು ಮುನ್ನೂರು ಪ್ರತಿ ತೆಗೆದುಕೊಂಡರು. ನೂರಕ್ಕೆ ನಲವತ್ತೈದು ರಿಯಾಯಿತಿ, ಮಾರಿದ ಮೇಲೆ ಹಣ. ಆರು ತಿಂಗಳಿಗೊಮ್ಮೆ ಲೆಕ್ಕ ಎಂದಿದ್ದರು. ಲೆಕ್ಕ ಬರಲಿಲ್ಲ, ಆಮೇಲೆ ಫೋನ್ ಎತ್ತುವುದೂ ನಿಂತಿತು. ರಾತ್ರಿ ಬಸ್ಸಿಗೆ ಹೋಗಿ ಬೆಳಿಗ್ಗೆ ಅವರ ಗೋದಾಮಿನ ಬಾಗಿಲಲ್ಲಿ ಕೂತೆ. ಮಂಡಿ ನೋವಿಗೆ ನೆಲದಲ್ಲಿ ಕೂರಲಾಗದೆ, ನಿಲ್ಲಲೂ ಆಗದೆ ಮಧ್ಯಾಹ್ನದವರೆಗೆ ಕಾದೆ. ಒಳಗೆ ಬಿಟ್ಟಾಗ ಮೂಲೆಯಲ್ಲಿ ನನ್ನ ಕಟ್ಟುಗಳು ಕಂಡವು. ನಾನೇ ಕೈಯಾರೆ ಬಿಗಿದ ಹುರಿ ಹಾಗೆಯೇ ಇತ್ತು, ಬಿಚ್ಚಿಯೇ ಇರಲಿಲ್ಲ. ಒಂದು ಕಟ್ಟು ಮಾತ್ರ ಖಾಲಿಯಾಗಿತ್ತು. ಅದು ಎಲ್ಲಿಗೆ ಹೋಯಿತೆಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ. ಪುಸ್ತಕ ಮಾರಾಟವಾಗಲಿಲ್ಲ ಎಂದರೆ ಸಹಿಸಿಕೊಳ್ಳಬಹುದು. ಯಾರ ಕಣ್ಣಿಗೂ ಅದನ್ನು ಬೀಳಿಸಲಿಲ್ಲವಲ್ಲ ಎಂಬ ಸಂಕಟ ಬೇರೆ. ಉಳಿದ ಕಟ್ಟುಗಳನ್ನು ಆಟೋ ಮಾಡಿ ಮೆಜೆಸ್ಟಿಕ್ಕಿಗೆ ತಂದು ಅದೇ ರಾತ್ರಿ ಹಾವೇರಿ ಬಸ್ಸಿಗೆ ಹಾಕಿಸಿದೆ. ಖಾಲಿಯಾದ ಕಟ್ಟಿನ ಹಣ ಇಂದಿಗೂ ಬಂದಿಲ್ಲ.

ಕಟ್ಟುಗಳೆಲ್ಲ ಪಡಸಾಲೆಯಲ್ಲಿ ಕೂತವು. ಮಳೆಗಾಲದಲ್ಲಿ ಹೆಂಚಿನ ಸಂದಿಯಿಂದ ಹನಿ ಬಿದ್ದಾಗ ನಡುರಾತ್ರಿ ಎದ್ದು ಜಾಗ ಬದಲಿಸಬೇಕು, ಗೆದ್ದಲಿಗೆಂದು ಕೆಳಗೆ ಹಲಗೆ ಹಾಕಬೇಕು. ಬಂದವರೆಲ್ಲ ಅದನ್ನು ನೋಡಿ, ಇನ್ನೂ ಹೋಗಿಲ್ಲೇನು ಎಂದು ಕೇಳುವರು. ಆ ಪ್ರಶ್ನೆಗೆ ಹೆದರಿ ಕೆಲವು ತಿಂಗಳು ಯಾರನ್ನೂ ಮನೆಗೆ ಕರೆಯಲಿಲ್ಲ. ರಕ್ತದೊತ್ತಡದ ಮಾತ್ರೆ ಒಂದಿದ್ದದ್ದು ಎರಡಾಯಿತು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿದ್ದೆ. ಆ ಆಯ್ಕೆ ವರ್ಷಗಟ್ಟಲೆ ಹಿಂದೆ ಬೀಳುವುದು ಪ್ರಕಾಶಕರೆಲ್ಲ ಬಲ್ಲ ಸಂಗತಿ, ಅದನ್ನು ನಂಬಿ ಬಡ್ಡಿ ಕಟ್ಟುವಂತಿರಲಿಲ್ಲ.

ಇದಕ್ಕೂ ಮೊದಲು, 2023ರ ಜನವರಿಯಲ್ಲಿ, ನಮ್ಮೂರು ಹಾವೇರಿಯಲ್ಲೇ 86ನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಿತ್ತು. ಪರಿಚಯದವರ ಮಳಿಗೆಯ ಒಂದು ಮೂಲೆಯಲ್ಲಿ ಮೂರು ದಿನ ಕೂತಿದ್ದೆ. ಜನ ಪುಸ್ತಕ ಎತ್ತುವರು, ಹಿಂಬದಿ ಓದುವರು, ಇಡುವರು. ಪ್ರತಿ ಸಲ ಎದೆ ಹೊಡೆದುಕೊಳ್ಳುತ್ತಿತ್ತು. ಬಂದ ಹಿರಿಯರು ಹಲವರು ಗಳಗನಾಥರ ಹೆಸರು ಹೇಳಿ ಬೆನ್ನು ತಟ್ಟಿದರು. ಅವರು ನಮ್ಮ ಜಿಲ್ಲೆಯವರೇ, ಶಾಲಾ ಮಾಸ್ತರರಾಗಿದ್ದ ವೆಂಕಟೇಶ ತಿರಕೋ ಕುಲಕರ್ಣಿ. ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿ ಕನ್ನಡ ಓದುಗರನ್ನು ಬೆಳೆಸಿದರು, 1942ರಲ್ಲಿ ತೀರಿಕೊಂಡರು. ಅವರ ಹೆಸರಿನ ಜೊತೆ ನನ್ನನ್ನು ನೆನೆದದ್ದು ದೊಡ್ಡ ಮಾತು. ಆದರೆ ಅವರು ಹೊತ್ತರು, ನೀವೂ ಹೊರಿ ಎಂದು ಅದನ್ನು ಸಮಾಧಾನವಾಗಿ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಅವರ ಹೆಗಲು ನೊಂದು ಇಷ್ಟು ಕಾಲವಾದ ಮೇಲೂ ತಾಲೂಕಿಗೊಂದು ಒಳ್ಳೆಯ ಪುಸ್ತಕದಂಗಡಿ ನಮಗಿಲ್ಲ. ಆ ಗಂಟು ಇನ್ನೂ ಬರೆದವರ ತಲೆಯ ಮೇಲೇ ಇರುವುದು ಹೆಮ್ಮೆಯ ಸಂಗತಿಯಲ್ಲ.

ಪುಸ್ತಕ ಚಲಿಸತೊಡಗಿದ್ದು ನಾನು ಎಣಿಸದ ಕಡೆಯಿಂದ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಭೆಯೊಂದರ ಬಳಿಕ ಒಬ್ಬ ಆಶಾ ಕಾರ್ಯಕರ್ತೆ ಪ್ರತಿ ಕೊಂಡಳು. ಅವಳಿಗೆ ಸಿಗುವ ಗೌರವಧನದಲ್ಲಿ ಇನ್ನೂರು ರೂಪಾಯಿ ಸಣ್ಣದಲ್ಲ. ಎರಡು ಕಂತಿನಲ್ಲಿ ಕೊಟ್ಟಳು. ಅವಳು ಓದಿ ಇನ್ನೊಬ್ಬಳಿಗೆ ಹೇಳಿದಳು, ಅವರ ವಾಟ್ಸಾಪ್ ಗುಂಪಿನಲ್ಲಿ ಟೆಂಪೋದ ಅಧ್ಯಾಯವನ್ನು ದನಿಯಲ್ಲಿ ಓದಿ ಹಾಕಿದಳು. ನನ್ನನ್ನು ಕೇಳಿಯೇ ಹಾಕಿದಳು. ಗುಂಪಿನಿಂದ ಗುಂಪಿಗೆ ಅದು ಬಳ್ಳಾರಿ, ರಾಯಚೂರಿನವರೆಗೂ ಹೋಯಿತು. ಯಾವ ಪತ್ರಿಕೆಯ ವಿಮರ್ಶೆಯಿಂದಲೂ ಆಗದ ಕೆಲಸ ಆ ಹೆಣ್ಣುಮಗಳ ದನಿಯಿಂದ ಆಯಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವ ಹೆಂಗಸರ ನಡುವೆ ಕೂತು ಓದಲು ಕರೆದರು. ಘಾಟಿಗೆ ಕೆಮ್ಮುತ್ತ ಓದಿದೆ, ಕೈ ನಿಲ್ಲಿಸದೆ ಅವರು ಕೇಳಿದರು. ಆಮೇಲೆ ಕುಬಸದ ಮನೆಗಳಿಂದ ಕರೆ ಬರತೊಡಗಿತು. ಬಸುರಿಗೆ ಹಸಿರು ಬಳೆ, ಸೀರೆಯ ಜೊತೆ ಪುಸ್ತಕ ಇಡುವ ರೂಢಿಯನ್ನು ಒಂದೆರಡು ಮನೆಗಳವರು ತಾವೇ ಹಾಕಿಕೊಂಡರು. ಸಾವಿನ ಅಧ್ಯಾಯವಿರುವ ಪುಸ್ತಕ ಮಂಗಳಕಾರ್ಯಕ್ಕೆ ಬೇಡ ಎಂದವರೂ ಇದ್ದರು. ಬಸುರಿಯ ಕೈಕಾಲು ಬಾತರೆ, ತಲೆನೋವು ಬಂದು ಕಣ್ಣು ಮಂಜಾದರೆ ಗಾಡಿ ಕಟ್ಟಿಸಬೇಕೆಂದು ಮನೆಯ ಹಿರಿಯರಿಗೆ ತಿಳಿಯುವುದಕ್ಕಿಂತ ದೊಡ್ಡ ಮಂಗಳಕಾರ್ಯ ನನಗೆ ಗೊತ್ತಿಲ್ಲ ಎಂದು ಅವರಿಗೆ ಹೇಳಿದೆ.

ದೂರದವರು ಫೋನ್‌ಪೇಯಲ್ಲಿ ಹಣ ಹಾಕಿ ವಿಳಾಸ ಕಳಿಸುತ್ತಿದ್ದರು. 2024ರ ಡಿಸೆಂಬರಿನಲ್ಲಿ ಅಂಚೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೌಲಭ್ಯ ನಿಂತಿತು. ನನ್ನಂಥವರಿಗೆ ಕೆಲವು ತಿಂಗಳು ಬಲು ಕಷ್ಟವಾಯಿತು. ಅಂಚೆ ಖರ್ಚೇ ಪುಸ್ತಕದ ಉಳಿತಾಯವನ್ನು ನುಂಗುತ್ತಿತ್ತು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂತು. 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೋಗೆ 100, ಮೇಲೆ ತೆರಿಗೆ. ನನ್ನ ಪುಸ್ತಕ ಲಕೋಟೆ ಸೇರಿ 250 ಗ್ರಾಮಿನ ಆಸುಪಾಸು. ಮತ್ತೆ ಉಸಿರಾಡಿದೆ.

ಮೊದಲ ಮುದ್ರಣ ಈಗ ಮುಗಿದಿದೆ. ಬಿಲ್ವಾರ ಬಿಡಿಸಿಕೊಂಡಿದ್ದೇನೆ. ಬಡ್ಡಿ ಕಳೆದರೆ ಲಾಭವೆಂದು ಹೇಳುವಷ್ಟೇನೂ ಉಳಿದಿಲ್ಲ. ಎರಡನೆಯ ಮುದ್ರಣಕ್ಕೆ ವಿತರಕರನ್ನು ಹಿಡಿದಿಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಚಂದಾದಾರರನ್ನು ನಂಬಿ ಪುಸ್ತಕ ತಂದ ದಾರಿಯನ್ನೇ ಸಣ್ಣ ಮಟ್ಟದಲ್ಲಿ ಹಿಡಿದು ಮುಂಗಡ ಕೇಳಿದ್ದೇನೆ. ಹಣ ಕಳಿಸಿದವರಲ್ಲಿ ಹೆಚ್ಚಿನವರು ಆಶಾ ಕಾರ್ಯಕರ್ತೆಯರು ಮತ್ತು ನರ್ಸಿಂಗ್ ಓದುವ ಹುಡುಗಿಯರು. ಅವರಿಗೆ 160 ರೂಪಾಯಿಗೆ ಕೊಡುತ್ತೇನೆ. ಅಕ್ಷರ ಈ ಸಲ ಸ್ವಲ್ಪ ದೊಡ್ಡದು, ಪುಟ ಒಂದು ಫಾರಂ ಹೆಚ್ಚು. ಕರಡು ಗದಗದಿಂದ ಬಂದಿದೆ, ಮೇಷ್ಟ್ರು ಮತ್ತು ನಾನು ಅರ್ಧರ್ಧ ಹಂಚಿಕೊಂಡು ತಿದ್ದುತ್ತಿದ್ದೇವೆ.